ಇನ್ಸುಲಿನ್ ಗಿಡವನ್ನು ಗುರುತು ಹಿಡಿದ ಮಳೆಗಾಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಗೈಗಿಂತ ಉದ್ದದ, ಅರಿಶಿನದ ಎಲೆಯ ತಮ್ಮನಂತೆ ಕಾಣುವ ಒಂದು ಹಸಿರು ಎಲೆಯನ್ನು ‘ಇದು ಕೊತ್ತಂಬರಿ ಸೊಪ್ಪು’ ಎಂದು ಟೆರೇಸಿನ ತುಂಬ ಜನ ಸೇರಿದ್ದಾಗ ಸಾರಿದವನು ನಾನೇ. ಆಗ ನನಗೆ ಜ್ವರ ಇರಲಿಲ್ಲ, ಕುಡಿದೂ ಇರಲಿಲ್ಲ. ಸಸ್ಯಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದೆ, ಅಷ್ಟೇ.

ಹೋದ ವಾರ ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯೊಂದರಲ್ಲಿ ಇಡ್ಲಿ ತಿನ್ನುತ್ತ ನಿಂತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಒಳಗಿನ ಅಡುಗೆಮನೆಯಲ್ಲಿ ಯಾರೋ ಮಿಕ್ಸಿ ಜಾರಿನ ಮುಚ್ಚಳ ತೆಗೆದರು. ಆಗತಾನೇ ರುಬ್ಬಿದ ಕೊತ್ತಂಬರಿಯ ಘಮ ಬಂದು ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ. ಕಿವಿ ಬಿಸಿಯಾದ ಹಿಂದೆಯೇ ನಗು ಬರುತ್ತದೆ, ನಗುವಿನ ಹಿಂದೆಯೇ ಆ ಮಳೆಗಾಲವಿಡೀ ಬಂದು ನಿಲ್ಲುತ್ತದೆ. ನನ್ನ ಬದುಕಿನಲ್ಲಿ ಅಷ್ಟು ಜೋರಾಗಿ ಎದೆ ಹೊಡೆದುಕೊಂಡ ಇನ್ನೊಂದು ಮಳೆಗಾಲ ಬಂದಿಲ್ಲ.

ಆಗ ನಾವು ಜೆ.ಪಿ. ನಗರದ ಸಾರಕ್ಕಿಯಲ್ಲಿ ಬಾಡಿಗೆಗಿದ್ದೆವು. ನಮ್ಮ ಓನರ್ ಮುನಿರಾಜಪ್ಪ ಅಂಕಲ್ ಹಳೇ ಸಾರಕ್ಕಿ ಹಳ್ಳಿಯವರೇ. ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಒಂದು ಕಾಲಕ್ಕೆ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಹೊಲ ಹೋಗಿ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತ್ತು, ಆದರೆ ಅಂಕಲ್ ಗಂಟಲು ಮಾತ್ರ ಹೊಲದಲ್ಲೇ ಉಳಿದಿತ್ತು. ಮೆಟ್ಟಿಲ ಮೇಲೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತವನನ್ನೂ ಅವರು ಆಚೆ ಬದುವಿನಲ್ಲಿ ಇರುವವನನ್ನು ಕರೆಯುವಂತೆ ಮಾತಾಡಿಸುತ್ತಿದ್ದರು. ಯಾರದೇ ಧ್ವನಿಯಾದರೂ ಎರಡು ಸಲ ಕೇಳಿದರೆ ನನ್ನ ಗಂಟಲಿಗೆ ಅಂಟಿಕೊಳ್ಳುವ ರೋಗ ನನಗೆ. ಒಂದು ದಿನ ಸುಮ್ಮನೆ ತಮಾಷೆಗೆ “ಲೇಯ್, ಮೋಟ್ರು ಆಫ್ ಮಾಡ್ರಲಾ!” ಎಂದು ಅಂಕಲ್ ಧ್ವನಿಯಲ್ಲಿ ಕೂಗಿದ್ದಕ್ಕೆ ಮೂರನೇ ಮಹಡಿಯವರು ಟವೆಲ್ಲಿನಲ್ಲೇ ಇಳಿದು ಓಡಿ ಬಂದಿದ್ದರು.

ಅಂಕಲ್‌ಗೆ ಸಕ್ಕರೆ ಕಾಯಿಲೆ ಇತ್ತು. ಜೊತೆಗೆ ಬೆಳಗಿನ ಪಾರ್ಕ್ ವಾಕಿಂಗೂ ಇತ್ತು. ಕಾಯಿಲೆಗಿಂತ ವಾಕಿಂಗ್ ಹೆಚ್ಚು ಅಪಾಯಕಾರಿ ಎಂದು ನಾನು ಈಗಲೂ ನಂಬಿದ್ದೇನೆ. ಯಾಕೆಂದರೆ ನಮ್ಮ ಕಡೆ ಪಾರ್ಕುಗಳಲ್ಲಿ ಕಾಲು ನಡೆಯುವುದಕ್ಕಿಂತ ಬಾಯಿ ಹೆಚ್ಚು ನಡೆಯುತ್ತದೆ. ಪ್ರತಿ ಕಲ್ಲುಬೆಂಚಿಗೂ ಒಬ್ಬ ವೈದ್ಯ. ಹಾಗಲಕಾಯಿ ರಸದ ಬೆಂಚು ಬೇರೆ, ಬೂದುಗುಂಬಳದ ಬೆಂಚು ಬೇರೆ. ಅಂಥ ಒಂದು ಬೆಂಚಿನ ಗೆಳೆಯರು ಅಂಕಲ್ ಕೈಗೆ ಒಂದು ಕಡ್ಡಿ ಕೊಟ್ಟು, “ಇನ್ಸುಲಿನ್ ಗಿಡ ಗೌಡ್ರೇ, ದಿನಾ ಎರಡೆಲೆ ಅಗೀರಿ, ಮಾತ್ರೆ ಬಿಸಾಕಿ” ಎಂದಿದ್ದರು. ಅಂಕಲ್ ಕಡ್ಡಿಯನ್ನು ಟೆರೇಸಿನ ಕುಂಡದಲ್ಲಿ ನೆಟ್ಟರು. ಅದು ಚಿಗುರಿತು. ಮಾತ್ರೆಯನ್ನು ನಿಜಕ್ಕೂ ಬಿಸಾಡಿದರು.

ಆಷಾಢದ ಗಾಳಿ ಟೆರೇಸಿನ ಮೇಲಿನ ಬಟ್ಟೆಗಳನ್ನೆಲ್ಲ ಪಕ್ಕದ ಮನೆಗೆ ದಾನ ಮಾಡುತ್ತಿದ್ದ ದಿನಗಳವು. ಒಂದು ಸಂಜೆ ಹಾರಿಹೋದ ನನ್ನ ಷರ್ಟು ಹುಡುಕಿಕೊಂಡು ಮೇಲೆ ಹೋದರೆ ಅಂಕಲ್ ಹೆಂಡತಿ ಜಯಮ್ಮ ಆಂಟಿ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಗಿಡವನ್ನು ದುರುಗುಟ್ಟಿ ನೋಡುತ್ತಿದ್ದರು, ಸವತಿಯನ್ನು ನೋಡುವ ಹಾಗೆ.

“ಪವನ, ನೀನು ಕಾಲೇಜಲ್ಲಿ ಗಿಡದ್ದೇ ತಾನೆ ಓದೋದು? ಇದು ಅಸಲಿ ಇನ್ಸುಲಿನ್ ಗಿಡಾನಾ, ನಕಲೀನಾ, ಹೇಳ್ಬಿಡು ನೋಡಣ.”

ನಾನು ಗಿಡದ ಸುತ್ತ ಒಂದು ಸುತ್ತು ಬಂದೆ. ಡಾಕ್ಟರರ ಥರ ತಲೆಯಾಡಿಸಿದೆ. ಗೊತ್ತಾಗಲಿಲ್ಲ. ಹೂ ಇದ್ದಿದ್ದರೆ ಹೇಳಬಹುದಿತ್ತು. ಆದರೆ ಎಲೆಗಳು ಬಂದ ಬಂದ ಹಾಗೆ ಅಂಕಲ್ ಹೊಟ್ಟೆ ಸೇರುತ್ತಿದ್ದವು. ಬೋಳು ದಂಟು, ತುದಿಯಲ್ಲಿ ನಾಲ್ಕೈದು ಎಲೆ. ಪಾಪ, ಆ ಗಿಡಕ್ಕೆ ಉಸಿರಾಡುವುದೇ ಕಷ್ಟ, ಹೂ ಎಲ್ಲಿಂದ ಬಿಡಬೇಕು?

“ಯಾಕಾಂಟಿ ಈಗ ಇದರ ಜಾತಕ?”

“ನಮ್ಮಣ್ಣಂಗೂ ಹಿಂಗೇ ಕಣೋ. ಯಾವ್ದೋ ಬೇರು ಕುಡೀತೀನಿ ಅಂತ ಮಾತ್ರೆ ಬಿಟ್ಟ. ಕಾಲಿನ ಬೆರಳಲ್ಲಿ ಒಂದು ಚಿಕ್ಕ ಗಾಯ. ಬೆರಳು ತೆಗೆದ್ರು, ಆಮೇಲೆ ಪಾದ, ಆಮೇಲೆ ಮಂಡಿವರೆಗೂ. ಇವ್ರಿಗೆ ನಾನು ಹೇಳಿದ್ರೆ ಕೇಳಲ್ಲ, ಡಾಕ್ಟ್ರು ಹೇಳಿದ್ರೆ ಅವನು ದುಡ್ಡಿಗೆ ಹೇಳ್ತಾನೆ ಅಂತಾರೆ. ಈ ಗಿಡ ನಕಲಿ ಅಂತ ನೀನು ತೋರ್ಸು, ಅವತ್ತೇ ಮಾತ್ರೆ ನುಂಗ್ತೀನಿ ಅಂದವ್ರೆ.”

“ಡಾಕ್ಟರ್ ಧ್ವನೀಲಿ ಒಂದು ಫೋನ್ ಮಾಡ್ಲಾ ಆಂಟಿ? ಸಖತ್ ಹೆದರಿಸ್ತೀನಿ.”

“ಬೇಡ. ನಡುವೆ ನಿಂಗೇ ನಗು ಬಂದ್ಬಿಡುತ್ತೆ.”

ನಿಜ. ನನಗೆ ನನ್ನ ಜೋಕಿಗೆ ಮೊದಲು ನಗುವ ಅಭ್ಯಾಸ ಇದೆ.

ಮಾರನೆಯ ದಿನ ಕಾಲೇಜಿನಲ್ಲಿ ಶೈಲಜಾ ಮೇಡಂ ಮುಂದೆ ನಿಂತೆ. ನನ್ನ ಪ್ರಾಜೆಕ್ಟಿನ ಗೈಡ್ ಅವರು. ಪ್ರತಿ ಪದವನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಿಯೇ ಹೊರಗೆ ಬಿಡುವವರು. ಎಲೆಯ ಫೋಟೊ ನೋಡಿ, “ಆ ಕುಟುಂಬದ ಗಿಡ ಅನ್ನಬಹುದು. ಅದೇ ಗಿಡ ಅನ್ನಲಾರೆ. ಹೂ ಬರಲಿ,” ಎಂದರು. ಹೂ ಬರುವ ಹೊತ್ತಿಗೆ ಅಂಕಲ್ ಕಾಲು ಎಲ್ಲಿರುತ್ತದೋ ಎಂದು ನಾನು ಆಂಟಿಯ ಅಣ್ಣನ ಕತೆ ಹೇಳಿದೆ. ಮೇಡಂ, “ಹಾಗಿದ್ದರೆ ಬಾರ್‌ಕೋಡ್ ಮಾಡು,” ಎಂದರು.

ಬಾರ್‌ಕೋಡ್ ಎಂದರೆ ಬಿಸ್ಕತ್ತಿನ ಪೊಟ್ಟಣದ ಮೇಲಿರುವ ಕಪ್ಪುಗೆರೆಯಂಥದೇ. ಅಂಗಡಿಯವನು ಅದಕ್ಕೆ ಕೆಂಪು ಬೆಳಕು ತೋರಿಸಿದರೆ ಕಂಪ್ಯೂಟರು ‘ಇದು ಇಂಥ ಬಿಸ್ಕತ್ತು’ ಎನ್ನುತ್ತದಲ್ಲ, ಹಾಗೆ ಗಿಡದ ಡಿಎನ್‌ಎಯಲ್ಲೂ ಒಂದೆರಡು ಗೊತ್ತಾದ ತುಣುಕುಗಳಿವೆ. ಎಲ್ಲ ಗಿಡಗಳಲ್ಲೂ ಆ ತುಣುಕು ಇರುತ್ತದೆ, ಆದರೆ ಅದರೊಳಗಿನ ಅಕ್ಷರಗಳ ಸಾಲು ಒಂದೊಂದು ಗಿಡಕ್ಕೆ ಒಂದೊಂದು ಥರ. ಎಲೆಯಿಂದ ಡಿಎನ್‌ಎ ತೆಗೆದು, ಆ ತುಣುಕನ್ನು ಮಾತ್ರ ಲಕ್ಷಾಂತರ ಪಟ್ಟು ಹೆಚ್ಚಿಸಿ, ಅಕ್ಷರ ಓದಿಸಿ, ಜಗತ್ತಿನ ಗಿಡಗಳದ್ದೆಲ್ಲ ಸೇರಿಸಿಟ್ಟಿರುವ ಕಂಪ್ಯೂಟರ್ ಭಂಡಾರದೊಡನೆ ಹೊಂದಿಸಿ ನೋಡಬೇಕು. ಹೂ ಬೇಡ, ಕಾಯಿ ಬೇಡ. ಒಂದು ಚೂರು ಎಲೆ ಸಾಕು. ತರಗತಿಯಲ್ಲಿ ಇದನ್ನು ಕೇಳುವಾಗ ನಾನು ನಿದ್ದೆ ಮಾಡಿದ್ದೆ. ಈಗ ಮನೆಯ ಮಹಡಿ ಮೇಲೆ ನಿಜವಾದ ಒಂದು ಪ್ರಶ್ನೆ ಕುಂಡದಲ್ಲಿ ನಿಂತಿದೆ ಎಂದ ಕೂಡಲೇ ನಿದ್ದೆ ಹಾರಿಹೋಯಿತು. ಬಸ್ಸಿನಲ್ಲಿ ಕಂಡ ಹೊಂಗೆಮರ, ಡಿವೈಡರಿನ ಕಣಗಿಲೆ, ಸೊಪ್ಪಿನವಳ ಬುಟ್ಟಿ ಎಲ್ಲವೂ ಬಾರ್‌ಕೋಡ್ ಹಚ್ಚಿಕೊಂಡು ನನ್ನನ್ನೇ ನೋಡುತ್ತಿರುವಂತೆ ಅನಿಸತೊಡಗಿತು.

ಆಂಟಿ ಅಂಕಲ್‌ಗೆ ಹೇಳಿಯೇ ಒಂದು ಎಲೆ ಕಿತ್ತುಕೊಟ್ಟರು. “ತಗೊಂಡೋಗ್ಲಿ ಬಿಡು,” ಎಂದಿದ್ದರು ಅಂಕಲ್, “ಅಸಲಿ ಚಿನ್ನಕ್ಕೆ ಒರೆಗಲ್ಲಿನ ಭಯನಾ?”

ಇಲ್ಲಿಂದ ನನ್ನ ಬುದ್ಧಿವಂತಿಕೆ ಶುರು. ಎಲೆಯನ್ನು ಲ್ಯಾಬಿನ ಕಲ್ಲಿನ ಒರಳಲ್ಲಿ ನುಣ್ಣಗೆ ಅರೆಯಬೇಕು. ಆದರೆ ಆ ಎಲೆ ಲೋಳೆಲೋಳೆ, ಒರಳಲ್ಲಿ ಜಾರುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ. ಸಾಲದ್ದಕ್ಕೆ ನನ್ನ ಲ್ಯಾಬ್ ಜೊತೆಗಾತಿ ಭಾಗ್ಯ ಪಕ್ಕದಲ್ಲೇ ನಿಂತು, “ರೊಟ್ಟಿಗೆ ಹಿಟ್ಟು ನಾದ್ತಿದ್ಯೇನೋ?” ಎಂದು ಕಾಡಿಸುತ್ತಿದ್ದಳು. ಬೊಮ್ಮನಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿ, ನನ್ನನ್ನು ಕಾಡಿಸುವುದಕ್ಕೆ ಮಾತ್ರ ಎಂದೂ ದಣಿವು ಕಂಡವಳಲ್ಲ. ನಾನು ಉಳಿದ ಅರ್ಧ ಎಲೆಯನ್ನು ಮನೆಗೆ ತಂದೆ. ಫ್ರಿಜ್ಜಿನ ಮೇಲೆ ಪೇಪರಿನ ನಡುವೆ ಒಣಗಿಸಿದೆ. ಅಮ್ಮನ ಮಿಕ್ಸಿಯ ಚಿಕ್ಕ ಜಾರಿಗೆ ಹಾಕಿ ಒಂದೇ ಸುತ್ತು ತಿರುಗಿಸಿದೆ. ಆಹಾ, ಕುಂಕುಮದಷ್ಟು ನುಣುಪು! ಜಾರನ್ನು ತೊಳೆದಿದ್ದೆ. ನಾನು ತೊಳೆದಿದ್ದೆ ಎಂದರೆ, ನಲ್ಲಿಯ ಕೆಳಗೆ ಹಿಡಿದು ಒಂದು ಹಾಡು ಹೇಳಿದ್ದೆ.

ಉಳಿದ ಕೆಲಸ ಲ್ಯಾಬಿನಲ್ಲಿ ಸಲೀಸಾಗಿ ಆಯಿತು. ಹೆಚ್ಚಿಸಿದ ತುಣುಕು ನೀಲಿ ಬೆಳಕಿನಲ್ಲಿ ಒಂದು ಗೆರೆಯಾಗಿ ಹೊಳೆಯಿತು. ಸ್ಯಾಂಪಲ್ಲನ್ನು ಅಕ್ಷರ ಓದುವ ಕಂಪನಿಗೆ ಕೊರಿಯರ್ ಮಾಡಿದೆವು. ಮುಂದಿನ ದಿನಗಳಲ್ಲಿ ನಾನು ಮೇಲ್ ತೆರೆದು ನೋಡಿದಷ್ಟು ಸಲ ಯಾವ ಪ್ರೇಮಿಯೂ ನೋಡಿರಲಾರ. ಕೊನೆಗೊಂದು ಭಾನುವಾರ ಬಂತು. ಆ ಅಕ್ಷರಗಳ ಸಾಲನ್ನು ಭಂಡಾರಕ್ಕೆ ಹಾಕಿ ಗುಂಡಿ ಒತ್ತಿದೆ. ಉತ್ತರ ಬಂತು: ಕೊತ್ತಂಬರಿ. ಅಕ್ಷರಕ್ಕೆ ಅಕ್ಷರ ಹೊಂದಿಕೆ, ಒಂದೂ ತಪ್ಪಿಲ್ಲ.

ಎಲೆಯನ್ನು ನಾನೇ ಕೈಯಲ್ಲಿ ಹಿಡಿದಿದ್ದವನು. ಕೊತ್ತಂಬರಿ ಹೇಗಿರುತ್ತದೆಂದು ಹುಟ್ಟಿದಾಗಿನಿಂದ ನೋಡಿದವನು. ಆದರೂ ಯಾಕೆ ನಂಬಿದೆ ಎಂದರೆ, ನನಗೆ ಬೇಕಿದ್ದದ್ದು ‘ಇನ್ಸುಲಿನ್ ಗಿಡ ಅಲ್ಲ’ ಎಂಬ ಒಂದೇ ಉತ್ತರ. ಅದು ಸಿಕ್ಕಿತು. ಸಿಕ್ಕಿದ ಖುಷಿಯಲ್ಲಿ ಉಳಿದದ್ದನ್ನು ನೋಡುವ ಕಣ್ಣು ಯಾರಿಗಿರುತ್ತದೆ? ಮೇಡಂಗೆ ಒಂದು ಫೋನ್ ಕೂಡ ಮಾಡದೆ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಟೆರೇಸಿಗೆ ಓಡಿದೆ.

ಅಲ್ಲಿ ಅಂಕಲ್ ತಮ್ಮ ಪಾರ್ಕಿನ ಬೆಂಚಿನವರನ್ನೆಲ್ಲ ಕಾಫಿಗೆ ಕರೆದಿದ್ದರು. ಜನ ಕಂಡರೆ ನನ್ನ ಬಾಯಿಗೆ ಬ್ರೇಕಿಲ್ಲ. “ಎಲ್ಲರೂ ಕೇಳಿ! ಅಂಕಲ್ ಇಷ್ಟು ದಿನ ಅಗೀತಿರೋದು ಕೊತ್ತಂಬರಿ ಸೊಪ್ಪು! ಡಿಎನ್‌ಎ ಹೇಳಿದೆ!” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಪಂಚೆ ಎತ್ತಿ ಕಟ್ಟಿದವನಂತೆ ನಟಿಸಿ, ಅಂಕಲ್ ಧ್ವನಿಯಲ್ಲೇ, “ಏನವ್ವಾ, ಒಂದು ಕಟ್ಟು ಇನ್ಸುಲಿನ್ ಎಷ್ಟವ್ವಾ? ಕೊಸರಿಗೆ ಎರಡು ಹಸಿಮೆಣಸಿನಕಾಯಿ ಹಾಕು, ಬಿಪೀಗೂ ಆಯ್ತದೆ!” ಎಂದು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ತೋರಿಸಿದೆ. ಬೆಂಚಿನವರು ಕಾಫಿ ಚೆಲ್ಲುವಂತೆ ನಕ್ಕರು. ಆಂಟಿಯೂ ಸೆರಗು ಬಾಯಿಗಿಟ್ಟುಕೊಂಡರು.

ಅಂಕಲ್ ನಗಲಿಲ್ಲ. ಎದ್ದು ಹೋಗಿ ಕುಂಡದಿಂದ ಒಂದು ಎಲೆ ಕಿತ್ತರು. ಅಂಗೈಯಲ್ಲಿ ಹೊಸಕಿ ನನ್ನ ಮೂಗಿನ ಕೆಳಗೆ ಹಿಡಿದರು.

“ಮೂಸು.”

ಮೂಸಿದೆ. ಹುಳಿ ಹುಳಿ ಹಸಿರು ವಾಸನೆ. ಕೊತ್ತಂಬರಿ ಅಲ್ಲಿಂದ ಮೈಲು ದೂರ.

“ನಿಮ್ಮನೇಲಿ ಇದನ್ನ ಹಾಕಿ ಸಾರು ಮಾಡ್ತಾರೇನ್ಲಾ?”

ಈ ಸಲ ಬೆಂಚಿನವರ ನಗು ನನ್ನ ಕಡೆ ತಿರುಗಿತು. ಅವತ್ತಿನಿಂದ ಆ ಕಟ್ಟಡದಲ್ಲಿ ನನ್ನ ಹೆಸರು ಪವನ ಅಲ್ಲ. “ಕೊತ್ತಂಬರಿ, ಹಾಲು ತಂದ್ಯಾ?” “ಕೊತ್ತಂಬರಿ, ಗೇಟು ಹಾಕು.” ಪಾರ್ಕಿನವರೆಗೂ ಹೆಸರು ಹೋಯಿತು. ಅದು ಹೋಗಲಿ, ಬೇಸರವಾದದ್ದು ಬೇರೆ. ಗಿಡದ ಮೇಲೆ ಅಂಕಲ್‌ಗೆ ಇದ್ದ ನಂಬಿಕೆ ನನ್ನ ಕೋಡಂಗಿತನದಿಂದ ದುಪ್ಪಟ್ಟಾಯಿತು. ಎರಡೆಲೆ ಅಗಿಯುತ್ತಿದ್ದವರು ಮೂರಕ್ಕೆ ಏರಿದರು. ಆಂಟಿ ನನ್ನನ್ನು ಬೈಯಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬೈದಿದ್ದರೆ ವಾಸಿ ಇತ್ತು.

ಸೋಮವಾರ ಮೇಡಂ ವಿಚಾರಣೆ.

“ಎಲೆಯನ್ನು ಎಲ್ಲಿ ಪುಡಿ ಮಾಡಿದೆ?”

“ಮನೇಲಿ ಮೇಡಂ.”

“ಯಾವುದರಲ್ಲಿ?”

“ಮಿಕ್ಸಿಲಿ.”

“ಯಾವ ಜಾರ್?”

ನಾನು ಕಿಟಕಿಯಾಚೆ ನೋಡಿದೆ. ಭಾಗ್ಯ ಪಕ್ಕದಿಂದ ನಿಧಾನವಾಗಿ, “ಚಟ್ನಿ ಜಾರ್ ಮೇಡಂ,” ಎಂದು ಉಪಕಾರ ಮಾಡಿದಳು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಆ ಎಲೆಯ ಲೋಳೆ ತನ್ನ ಡಿಎನ್‌ಎಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬ್ಲೇಡಿನ ಕೆಳಗಿದ್ದ ಕೊತ್ತಂಬರಿ ಬಿಟ್ಟುಕೊಟ್ಟಿದೆ. ನಿಮ್ಮ ತಾಯಿಗೆ ನನ್ನ ಅಭಿನಂದನೆ ತಿಳಿಸು, ಅಷ್ಟು ಶುದ್ಧವಾದ ಸೀಕ್ವೆನ್ಸ್ ನಮ್ಮ ಲ್ಯಾಬಿನಲ್ಲಿ ಈ ವರ್ಷ ಬಂದಿಲ್ಲ. ಆದರೆ ತೆಂಗಿನಕಾಯಿಯ ಸುಳಿವೇ ಇಲ್ಲವಲ್ಲ. ಚಟ್ನಿಗೆ ಕಾಯಿ ಕಡಿಮೆ ಹಾಕುತ್ತಾರೇನು?”

ನಾನು ಎಲ್ಲರನ್ನೂ ಅಣಕಿಸುವವನು. ಆದರೆ ಮುಖದ ಒಂದು ಗೆರೆಯೂ ಅಲುಗಾಡಿಸದೆ ಹೀಗೆ ಕೊಲ್ಲುವ ವಿದ್ಯೆ ನನಗೆ ಇವತ್ತಿಗೂ ಒಲಿದಿಲ್ಲ. ಮನೆಯಲ್ಲಿ ಅಮ್ಮನಿಗೆ ಈ ಅಭಿನಂದನೆ ತಲುಪಿಸಿದೆ. “ನನ್ನ ಜಾರಲ್ಲಿ ಯಾವ್ದೋ ಎಲೆ ಅರೆದದ್ದಲ್ದೆ, ನಾನು ಜಾರ್ ಸರಿಯಾಗಿ ತೊಳಿಯಲ್ಲ ಅಂತ ಕಾಲೇಜಲ್ಲೆಲ್ಲ ಹೇಳಿಸ್ಕೊಂಡ್ ಬಂದ್ಯಾ?” ಎಂದು ಅವಳು ಎರಡು ದಿನ ಚಟ್ನಿ ಮುಷ್ಕರ ಹೂಡಿದಳು.

ಶ್ರಾವಣ ಬಂತು. ಸಂಜೆಯಾದರೆ ಮಳೆ, ಮಳೆ ಬಂದರೆ ಕರೆಂಟಿಲ್ಲ. ಒಂದು ಬೆಳಿಗ್ಗೆ ಅಂಕಲ್ ವಾಕಿಂಗ್ ಹೋಗಲಿಲ್ಲ. ಒದ್ದೆ ಚಪ್ಪಲಿಯ ಪಟ್ಟಿ ಉಜ್ಜಿ ಬಲಗಾಲಿನ ಹೆಬ್ಬೆರಳಿನ ಪಕ್ಕ ಒಂದು ಗಾಯವಾಗಿತ್ತಂತೆ. ವಾರ ಕಳೆಯಿತು. ಗಾಯ ಹಾಗೇ ಇತ್ತು. ಇನ್ನೊಂದು ವಾರಕ್ಕೆ ಸ್ವಲ್ಪ ಅಗಲವಾಯಿತು. ಆಂಟಿ ದಿನಕ್ಕೆರಡು ಸಲ ಅದನ್ನು ತೊಳೆದು ಬಟ್ಟೆ ಕಟ್ಟುತ್ತಿದ್ದರು. ಕಟ್ಟುವಾಗ ಅವರು ಗಾಯ ನೋಡುತ್ತಿರಲಿಲ್ಲ. ಅವರ ಕಣ್ಣು ಅಂಕಲ್ ಮಂಡಿಯ ಮೇಲಿರುತ್ತಿತ್ತು. ಅದನ್ನು ಕಂಡ ಮೇಲೆ ನನ್ನ ಅಣಕು ಗಂಟಲು ಸ್ವಲ್ಪ ದಿನ ಬಾಗಿಲು ಹಾಕಿಕೊಂಡಿತು.

ಧೈರ್ಯ ಮಾಡಿ ಅಂಕಲ್ ಮುಂದೆ ನಿಂತೆ. “ಅಂಕಲ್, ಇನ್ನೊಂದು ಎಲೆ ಕೊಡಿ. ಈ ಸಲ ಸರಿಯಾಗಿ ಮಾಡ್ತೀನಿ.”

“ಎಲೆ ಕೊಡಕ್ಕಿಲ್ಲ.”

“ಅಂಕಲ್, ಪ್ಲೀಸ್...”

“ಕುಂಡನೇ ತರ್ತೀನಿ, ನಾನೂ ಬತ್ತೀನಿ. ನನ್ನ ಕಣ್ಮುಂದೆ ಆಗ್ಬೇಕು. ನಕಲಿ ಅಂತ ಬಂದ್ರೆ ಅವತ್ತೇ ಮಾತ್ರೆ ನುಂಗ್ತೀನಿ. ಅಸಲಿ ಅಂತ ಬಂದ್ರೆ ಈ ಮನೇಲಿ ಮಾತ್ರೆ ಅನ್ನೋ ಮಾತು ಯಾರೂ ಎತ್ತಂಗಿಲ್ಲ. ಜಯಾ, ಕೇಳುಸ್ತಾ?”

ಒಳಗಿನಿಂದ ಪಾತ್ರೆ ಇಡುವ ಸದ್ದು ಬಂತು. ಅದು ಹೂಂ ಎಂದೂ ಇರಬಹುದು, ಊಹೂಂ ಎಂದೂ ಇರಬಹುದು.

ಅಂಕಲ್ ಇಸ್ತ್ರಿ ಷರ್ಟು ಹಾಕಿಕೊಂಡು, ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಆಟೊದಲ್ಲಿ ಬಂದು ಕಾಲೇಜಿನ ಗೇಟಿನಲ್ಲಿ ಇಳಿದದ್ದು ನನ್ನ ಕಣ್ಣಲ್ಲಿ ಇನ್ನೂ ಹಾಗೇ ಇದೆ. ಮೇಡಂ ಅಂಕಲ್‌ಗೆ ಬಿಳಿ ಕೋಟು ತೊಡಿಸಿ ಕೈಗೆ ಗ್ಲೌಸ್ ಹಾಕಿಸಿದರು. ನನಗೂ ಒಂದು ಕೆಲಸ ಕೊಟ್ಟರು: ಏನನ್ನೂ ಮುಟ್ಟದಿರುವುದು. ಎಲೆಯನ್ನು ಭಾಗ್ಯ ತೊಳೆದಳು, ಸ್ಪಿರಿಟ್ಟಿನಿಂದ ಒರೆಸಿದಳು, ಹೊಸ ಒರಳಿನಲ್ಲಿ ಅರೆದಳು. ಲೋಳೆ ಹೋಗಲೆಂದು ದ್ರಾವಣ ಬದಲಿಸಿ ಬದಲಿಸಿ ತೊಳೆದಳು. ಅಂಕಲ್ ಒಂದೊಂದಕ್ಕೂ “ಇದ್ಯಾಕವ್ವಾ?” “ಅದ್ಯಾಕವ್ವಾ?” ಎಂದು ಗೋಡೆ ಅದುರುವಂತೆ ಕೇಳುತ್ತಿದ್ದರು. ಅವಳು ಎಲೆಯೇ ಇಲ್ಲದ ಒಂದು ಟ್ಯೂಬಿಗೂ ಎಲ್ಲ ದ್ರಾವಣವನ್ನೂ ಹಾಕುವುದನ್ನು ಕಂಡು ತಡೆದರು.

“ಖಾಲೀದು ಯಾಕವ್ವಾ?”

“ಇದರಲ್ಲಿ ಏನೂ ಬರಬಾರದು ಅಂಕಲ್. ಬಂದ್ರೆ ನಾವೇ ಎಲ್ಲೋ ಗಲೀಜು ಮಾಡಿದ್ದೀವಿ ಅಂತ.”

ಅಂಕಲ್ ಆ ಟ್ಯೂಬಿನತ್ತ ಬಗ್ಗಿ ನೋಡಿದರು. “ಅಂದ್ರೆ ಪಂಕ್ತೀಲಿ ಒಂದು ಖಾಲಿ ಎಲೇನೂ ಹಾಕಿರ್ತೀರ. ಅದ್ರಲ್ಲಿ ಅನ್ನ ಕಂಡ್ರೆ ಬಡಿಸೋನು ಸರಿಯಿಲ್ಲ ಅಂತ.” ನನ್ನ ಕಡೆ ತಿರುಗಿದರು. “ನೀನು ಹಾಕಿದ್ಯೇನ್ಲಾ ಖಾಲಿ ಎಲೆ?”

“ಇಲ್ಲ ಅಂಕಲ್.”

“ಅದಕ್ಕೇ ನೀನು ಕೊತ್ತಂಬರಿ.”

ಮೇಡಂ ನಕ್ಕರು. ಎರಡು ವರ್ಷದಲ್ಲಿ ನಾನು ಎಷ್ಟು ಮಂಗಾಟ ಮಾಡಿದರೂ ನಗದಿದ್ದ ಮೇಡಂ!

ತುಣುಕು ಹೆಚ್ಚಿಸುವ ಮಿಷಿನ್ನು ಗಂಟೆಗಟ್ಟಲೆ ತಗೊಳ್ಳುತ್ತದೆ, ಮನೆಗೆ ಹೋಗಿ ಎಂದರೂ ಅಂಕಲ್ ಕದಲಲಿಲ್ಲ. ಹೊರಗೆ ಧೋ ಎಂದು ಮಳೆ. ಕರೆಂಟು ಹೋದೀತೆಂದು ಭಾಗ್ಯ ಉಗುರು ಕಚ್ಚುತ್ತಿದ್ದಳು, ನಾನು ಅವಳ ಜೊತೆಗೆ ನನ್ನದೂ ಕಚ್ಚಿಕೊಂಡೆ. ಅಂಕಲ್ ಮಾತ್ರ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು, ಮಿಷಿನ್ನಿನ ಪುಟ್ಟ ಹಸಿರು ದೀಪವನ್ನೇ ನೋಡುತ್ತ ಕೂತರು. ಬೀಜ ಬಿತ್ತಿ ಬದುವಿನ ಮೇಲೆ ಕೂತವರ ಹಾಗೆ.

ಸಂಜೆ ನಾಲ್ವರೂ ಕತ್ತಲು ಮಾಡಿದ ಮೂಲೆಯಲ್ಲಿ ಒಬ್ಬರ ಹೆಗಲಿಗೆ ಒಬ್ಬರು ತಾಗಿಕೊಂಡು ಬಗ್ಗಿದೆವು. ಭಾಗ್ಯ ನೀಲಿ ಬೆಳಕಿನ ಪೆಟ್ಟಿಗೆ ಹೊತ್ತಿಸಿದಳು. ಎಲೆ ಹಾಕಿದ ಕಡೆ ಎರಡು ಗೆರೆಗಳು ಝಗ್ಗೆಂದು ಹೊಳೆದವು. ಖಾಲಿ ಟ್ಯೂಬಿನ ಜಾಗ ಕಪ್ಪಗೆ, ಖಾಲಿಯಾಗಿ, ಚೊಕ್ಕವಾಗಿತ್ತು. ನನಗೆ ಕಿರುಚಬೇಕೆನಿಸಿತು. ಭಾಗ್ಯ ಕಿರುಚಿಯೇಬಿಟ್ಟಳು.

“ಇದು... ನನ್ನ ಗಿಡದ್ದಾ?” ಎಂದರು ಅಂಕಲ್. ಪಿಸುಮಾತಿನಲ್ಲಿ. ಆ ಗಂಟಲಿನಿಂದ ಪಿಸುಮಾತು ಹೊರಟದ್ದನ್ನು ಸಾರಕ್ಕಿಯಲ್ಲಿ ಯಾರೂ ಕೇಳಿರಲಿಲ್ಲ. ಅದನ್ನು ಅಣಕಿಸಲು ನಾನು ಈವರೆಗೂ ಪ್ರಯತ್ನ ಮಾಡಿಲ್ಲ.

ಮತ್ತೆ ಕೊರಿಯರ್. ಮತ್ತೆ ಕಾಯುವಿಕೆ. ಗೌರಿಹಬ್ಬದ ಸಂಜೆ ನಾನು ಬನಶಂಕರಿಯ ಬಸ್‌ಸ್ಟಾಂಡಿನ ಹತ್ತಿರ ಅಮ್ಮ ಹೇಳಿದ ಬಾಳೆಕಂದು ಹೆಗಲ ಮೇಲೆ ಹೊತ್ತು, ಮಾವಿನ ಸೊಪ್ಪು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಾಗ ಫೋನ್ ಟಿಂಗ್ ಎಂದಿತು. ಹೂವಿನ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮುದುಡಿ ನಿಂತು, ಒದ್ದೆ ಹೆಬ್ಬೆಟ್ಟಿನಿಂದ ಆ ಅಕ್ಷರಗಳನ್ನು ಭಂಡಾರಕ್ಕೆ ಹಾಕಿದೆ. ಚಕ್ರ ತಿರುಗಿತು. ತಿರುಗಿತು. ಬಂತು! ಮೊದಲನೆಯ ತುಣುಕು, ಮೇಡಂ ಊಹಿಸಿದ್ದ ಕೋಸ್ಟಸ್ ಕುಟುಂಬವೇ ಎಂದಿತು. ಎರಡನೆಯದು ಗಿಡದ ಹೆಸರನ್ನೇ ಹೇಳಿತು. ಪುಸ್ತಕದಲ್ಲಿ ಇನ್ಸುಲಿನ್ ಗಿಡಕ್ಕೆ ಯಾವ ಹೆಸರಿದೆಯೋ ಅದೇ. ಹುಟ್ಟೂರು ಬ್ರೆಜಿಲ್. ನಾನು ಬಾಳೆಕಂದಿನ ಸಮೇತ ಕುಣಿದೆ. ಪಕ್ಕದಲ್ಲಿದ್ದ ಆಂಟಿಯೊಬ್ಬರ ಕೊಡೆ ನನ್ನ ಬಾಳೆಯ ತುದಿಗೆ ಸಿಕ್ಕಿ ಹಾರಿಹೋಯಿತು. ಬೈಗುಳ ತಿನ್ನುತ್ತಲೇ ಭಾಗ್ಯಳಿಗೆ ಫೋನ್ ಮಾಡಿದೆ.

ಅವಳು ಬಸ್ಸಿನಲ್ಲಿದ್ದಳು. ಸುತ್ತ ಹಾರ್ನು. “ಬಂತು ಭಾಗ್ಯ! ಪಕ್ಕಾ! ಅದೇ ಗಿಡ!” ಎಂದು ಕೂಗಿದೆ. ಅವಳೂ ಆ ಕಡೆಯಿಂದ “ಹೋ!” ಎಂದು ಇಡೀ ಬಸ್ಸು ತಿರುಗಿ ನೋಡುವಂತೆ ಕೂಗಿದಳು.

“ಮಗಾ,” ಎಂದಳು ಮೆಲ್ಲಗೆ, “ಅಂಕಲ್ ಗೆದ್ಬಿಟ್ರಲ್ಲೋ.”

ಗಿಡ ನಕಲಿ ಎಂದು ತೋರಿಸಲು ಹೊರಟವರು ನಾವು. ಆಂಟಿ ಕೇಳಿದ್ದು ಅದೊಂದನ್ನೇ. ಈಗ ಕೈಯಲ್ಲಿ ಇರುವುದು ಅಂಕಲ್ ಮಾತ್ರೆಯನ್ನು ಶಾಶ್ವತವಾಗಿ ದೂರ ಇಡುವ ಉತ್ತರ. ಬಾಳೆಕಂದು ಇದ್ದಕ್ಕಿದ್ದಂತೆ ಭಾರವಾಯಿತು.

“ಹಳೇ ರಿಸಲ್ಟ್ ಇದೆಯಲ್ಲಾ...” ಎಂದೆ.

“ಕೊತ್ತಂಬರಿದಾ? ಅಂಕಲ್‌ಗೆ ಇನ್ನೊಂದು ಸಲ ಮೂಸಿಸ್ತೀಯಾ?”

ಮೇಡಂಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿ, “ಬಂದದ್ದನ್ನು ಬಂದ ಹಾಗೆ ಹೇಳು. ನೀನು ಗಿಡವನ್ನು ‘ಯಾರು’ ಎಂದು ಕೇಳಿದೆ, ಅದು ಹೆಸರು ಹೇಳಿತು. ‘ಏನು ಕೆಲಸ ಮಾಡುತ್ತೀ’ ಎಂದು ನೀನು ಕೇಳಲಿಲ್ಲ,” ಎಂದರು. ಆ ಮಾತನ್ನು ಬಾಯಿಪಾಠ ಮಾಡಿಕೊಂಡೇ ಮನೆ ಸೇರಿದೆ.

ಗಣೇಶನ ಹಬ್ಬದ ಮಧ್ಯಾಹ್ನ. ಕೆಳಗೆ ಅಂಕಲ್ ಮನೆಯ ಹಜಾರದಲ್ಲಿ ಎಲೆ ಹಾಕಿದ್ದರು. ಬೆಂಚಿನವರು ಬಂದಿದ್ದರು, ಅಮ್ಮನೂ ನಾನೂ ಹೋಗಿದ್ದೆವು. ನಾನು ವಿಷಯ ಹೇಳಿ ಮುಗಿಸುವ ಮುಂಚೆಯೇ ಅಂಕಲ್ ನಾನು ಪ್ರಿಂಟ್ ಹಾಕಿಸಿ ತಂದಿದ್ದ ಕಾಗದ ಕಿತ್ತುಕೊಂಡು ಎದ್ದು ನಿಂತಿದ್ದರು. ಒಂದು ಕಾಲಿಗೆ ಬಿಳಿಬಟ್ಟೆಯ ಕಟ್ಟು, ಮುಖದಲ್ಲಿ ಚುನಾವಣೆ ಗೆದ್ದ ಕಳೆ. ಗಿಡದ ಉದ್ದನೆಯ ಲ್ಯಾಟಿನ್ ಹೆಸರನ್ನು ಆಚೆ ಬದುವಿಗೆ ಕೇಳುವಂತೆ ಓದಿದರು. “ಬ್ರೆಜಿಲ್ ಅಂತೆ! ನೀವು ಹಿಮಾಲಯ ಅಂದಿದ್ರಲ್ಲಯ್ಯ!” ಎಂದು ಬೆಂಚಿನವರನ್ನು ಬೈದರು. ನನ್ನ ಬೆನ್ನಿಗೆ ಒಂದು ಬಿಟ್ಟರು. “ಲೇ ಕೊತ್ತಂಬರಿ, ಇವತ್ತಿಂದ ನೀನು ಪವನ!”

“ಅಂಕಲ್, ಒಂದು ನಿಮಿಷ ಕೇಳಿ,” ಎಂದೆ. “ಇದು ಗಿಡ ಯಾವುದು ಅಂತ ಅಷ್ಟೇ ಹೇಳುತ್ತೆ. ಅದರಿಂದ ಸಕ್ಕರೆ ಇಳಿಯುತ್ತಾ ಅಂತ ಹೇಳಲ್ಲ. ನಾವು ಗಿಡಾನ ಯಾರು ಅಂತ...”

“ಏಯ್, ಸೋತೋನು ಜಾಸ್ತಿ ಮಾತಾಡಬಾರ್ದು ಕಣ್ಲಾ. ನಿನ್ನ ಮಿಷಿನ್ನೇ ಹೇಳೈತೆ, ಅಸಲಿ ಅಂತ. ಖಾಲಿ ಎಲೇನೂ ಖಾಲಿಯಾಗೇ ಇತ್ತು, ನಾನೇ ನೋಡಿವ್ನಿ. ಇನ್ನು ಈ ಮನೇಲಿ ಮಾತ್ರೆ ಮಾತು ಮುಗೀತು. ಜಯಾ, ಕಡುಬು ತಾ! ಸಿಹೀದೇ ತಾ!”

ಆರು ಜನರ ಧ್ವನಿಯಲ್ಲಿ ಮಾತಾಡಬಲ್ಲ ನನಗೆ ಆ ಕ್ಷಣ ನನ್ನದೇ ಧ್ವನಿ ಸಿಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಆಂಟಿ ನಿಂತಿದ್ದರು. ಅವರ ಮುಖ ನೋಡಲಾರದೆ ನಾನು ನನ್ನ ಬಾಳೆಎಲೆಯ ಉಪ್ಪನ್ನು ನೋಡಿದೆ.

ಆಂಟಿ ಬಂದರು. ಕೈಯಲ್ಲಿ ಕಡುಬಿನ ತಟ್ಟೆ ಇರಲಿಲ್ಲ. ನೀರಿನ ಲೋಟ, ಒಂದು ಮಾತ್ರೆಪಟ್ಟಿ. ನನ್ನ ಮುಂದೆ ನಿಂತು ಕೇಳಿದರು:

“ಪವನ, ಈ ಸಲ ಮಿಷಿನ್ನು ತಪ್ಪು ಹೇಳಿಲ್ಲ ತಾನೆ? ಅಸಲೀನೇ?”

“ಅಸಲೀನೇ ಆಂಟಿ,” ಎಂದೆ.

“ಸಂತೋಷ.” ಅವರು ಲೋಟವನ್ನು ಅಂಕಲ್ ಎಲೆಯ ಪಕ್ಕ ಇಟ್ಟರು. ಪಟ್ಟಿಯಿಂದ ಒಂದು ಮಾತ್ರೆಯನ್ನು ಚಟ್ಟೆಂದು ಒಡೆದು ತೆಗೆದು, ಪಲ್ಯ ಬಡಿಸುವ ಜಾಗದಲ್ಲಿ ಬಡಿಸಿದರು. ಅಂಕಲ್ ಬಾಯಿ ತೆರೆಯುವ ಮುಂಚೆ ಅವರ ಕಾಲಿನ ಕಟ್ಟಿನ ಕಡೆ ಬೆರಳು ತೋರಿಸಿದರು. ಕೂಗಲಿಲ್ಲ, ಅಳಲಿಲ್ಲ. ಅನ್ನ ಬಡಿಸಲೇ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದರು:

“ನಕಲಿ ಅಂತ ಬಂದಿದ್ರೆ ನೀವು ಅಸಲಿ ಹುಡ್ಕೊಂಡು ಹೊರಡೋರು. ಈಗ ಅಸಲೀನೇ ತಿಂದೂ ಆ ಬೆರಳು ಮಾಯ್ದಿಲ್ಲ ಕಣ್ರೀ. ಇನ್ನು ಗಿಡ ನಕಲಿ ಅಂತ ತಪ್ಪು ಹಾಕಕ್ಕೂ ದಾರಿ ಉಳಿದಿಲ್ಲ, ನುಂಗಿ.”